ಮೈ ತುಂಬಿಕೊಂಡಿದೆ, ಆದರೂ ರಕ್ತ ಕಡಿಮೆ ಏಕೆ?

ಪ್ರಶ್ನೆ: ನನಗೆ 31 ವರ್ಷ. ಊರು ಚಿತ್ತಾಪುರ ತಾಲ್ಲೂಕು. ಎತ್ತರ 150 ಸೆಂ.ಮೀ., ತೂಕ 72 ಕೆ.ಜಿ. ನನ್ನ ನೆಗೆಣ್ಣಿ 152 ಸೆಂ.ಮೀ., 40 ಕೆ.ಜಿ. ಅವಳು ಹೊಲಕ್ಕೆ ಹೋಗುತ್ತಾಳೆ, ನಾನು ಮನೆಯಲ್ಲೇ ಹೊಲಿಗೆ ಮಷಿನ್ ಮುಂದೆ ಕೂರುತ್ತೇನೆ. ಕಳೆದ ತಿಂಗಳು ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದೆವು. ಅವಳ ಹಿಮೋಗ್ಲೋಬಿನ್ 9.4, ನನ್ನದು 9.1. ಅವಳಿಗೆ ಎಲ್ಲರೂ ‘ಚೆನ್ನಾಗಿ ಉಣ್ಣು’ ಅನ್ನುತ್ತಾರೆ. ನನಗೆ ಅತ್ತೆಯವರು ‘ಇಷ್ಟು ಮೈ ಇಟ್ಟುಕೊಂಡು ನಿನಗೆಂಥ ರಕ್ತ ಕಡಿಮೆ’ ಅನ್ನುತ್ತಾರೆ. ತೂಕ ಇಳಿಯಲಿ ಅಂತ ರಾತ್ರಿ ಊಟ ಬಿಟ್ಟಿದ್ದೇನೆ. ತಲೆ ಸುತ್ತುತ್ತದೆ. ಒಂದೇ ಒಲೆಯ ಅಡುಗೆ ಉಂಡು ಹೀಗೇಕೆ?

ಉತ್ತರ: ತಂಗಿ, ಇವತ್ತಿನಿಂದಲೇ ರಾತ್ರಿ ಊಟ ಮಾಡಿ. ಉಳಿದದ್ದು ಆಮೇಲೆ.

ರಕ್ತ ಕಡಿಮೆ ಇರುವವರು ಸೊರಗಿರಬೇಕು ಅಂತ ಸುಮಾರು ಜನ ತಿಳಿದಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 17 ಮಂದಿ ತೀರಾ ತೆಳ್ಳಗಿದ್ದಾರೆ, 30 ಮಂದಿಗೆ ತೂಕ ಜಾಸ್ತಿ. ರಕ್ತಹೀನತೆ ಮಾತ್ರ 48 ಮಂದಿಗೆ. ತೆಳ್ಳಗಿರುವವರೇ 17 ಅಂದಮೇಲೆ ಉಳಿದವರು ಯಾರು? ನಿಮ್ಮಂಥವರೂ ಅದರಲ್ಲಿದ್ದಾರೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿಯರಿಗೆ 11.

ಒಂದೇ ಒಲೆ ಅಂದಿರಿ. ಆದರೆ ತಟ್ಟೆ ಒಂದೇನಾ? ನಮ್ಮ ಭಾಗದ ಮನೆಗಳಲ್ಲಿ ಸೊಸೆಯಂದಿರು ಕೊನೆಗೆ ಕೂರುತ್ತಾರೆ. ಅಷ್ಟೊತ್ತಿಗೆ ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ. ಬೇಳೆ ತಳಕ್ಕಿಳಿದದ್ದು ಮೊದಲೇ ಬಡಿಸಿ ಆಗಿರುತ್ತದೆ, ಉಳಿದದ್ದು ಮೇಲಿನ ತಿಳಿ. ಹೊಲಕ್ಕೆ ಹೋಗುವವಳು ಒಣ ರೊಟ್ಟಿ, ಖಾರ ಕಟ್ಟಿಕೊಂಡು ಹೋಗಿ ಬಿಸಿಲಲ್ಲಿ ಕಳೆ ತೆಗೆಯುತ್ತಾಳೆ. ತಿಂದದ್ದೆಲ್ಲ ದುಡಿಮೆಗೇ ಹೋಗುತ್ತದೆ. ಮಷಿನ್ ಮುಂದೆ ಕೂತವರಿಗೆ ಅನ್ನದ ಗುಡ್ಡೆ, ಅದೇ ತಿಳಿ ಸಾರು, ನಡುವೆ ಚಹಾ, ಖಾರಿ, ಸಂಜೆ ಮಿರ್ಚಿ ಭಜಿ. ಅದು ಮೈಗೆ ಹತ್ತುತ್ತದೆ. ಬೇಳೆ, ಸೊಪ್ಪು, ತತ್ತಿ, ಹಾಲು ಇಬ್ಬರಿಗೂ ಸಿಗಲಿಲ್ಲ. ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದದ್ದು ಸಿಗುವುದು ಬೇರೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಗಳ ಹಸಿವು ನೀಗಿತು, ಅದು ಸಣ್ಣ ಮಾತಲ್ಲ. ಆದರೆ ಅನ್ನದ ಪಕ್ಕ ಏನೂ ಇಲ್ಲದಿದ್ದರೆ ರಕ್ತ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಮೈಯಲ್ಲಿ ಕೊಬ್ಬು ಜಾಸ್ತಿಯಾದಾಗ ಒಳಗೊಳಗೇ ಸಣ್ಣ ಉರಿಯೂತ ಇರುತ್ತದೆ. ಆಗ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ರಕ್ತ ಆಗಲು ಕಬ್ಬಿಣಾಂಶ ಬೇಕು, ಊಟದಲ್ಲಿನ ಆ ಕಬ್ಬಿಣಾಂಶ ಕರುಳಿನಿಂದ ರಕ್ತಕ್ಕೆ ಸೇರದಂತೆ ಈ ಹಾರ್ಮೋನು ತಡೆಯುತ್ತದೆ. ಅಂದರೆ ದಪ್ಪ ಇರುವುದರಿಂದಲೇ ರಕ್ತ ಕಡಿಮೆಯಾಗುವುದೂ ಉಂಟು. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಏನು ಮಾಡಬೇಕು? 9.1 ಅಂದರೆ ಊಟ ಒಂದರಿಂದಲೇ ಸರಿಹೋಗುವಂಥದ್ದಲ್ಲ. ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮುಟ್ಟಿನಲ್ಲಿ ಸ್ರಾವ ಜಾಸ್ತಿ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ನೀವು ಸಕ್ಕರೆ, ಬಿಪಿ, ಥೈರಾಯ್ಡ್ ಕೂಡ ನೋಡಿಸಿಕೊಳ್ಳಿ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ದಿನಕ್ಕೆ ಐದು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ರಾತ್ರಿ ಊಟದ ಬದಲು ಇದನ್ನು ಕಡಿಮೆ ಮಾಡಿ. ಎರಡು ಕಪ್ ಸಾಕು, ಅಲ್ವಾ?

ಊಟಕ್ಕೆ ಹೊರಗಿನ ಪೌಡರ್ ಏನೂ ಬೇಡ. ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ತೊಗರಿ ಬೇಳೆ, ಮೇಲೆ ನಿಂಬೆ ಹಿಂಡಿ. ನಿಂಬೆಯ ಹುಳಿ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ತಿನ್ನುವವರಾದರೆ ತತ್ತಿ. ನೆಗೆಣ್ಣಿಯ ಬುತ್ತಿಯಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಒಂದು ರೊಟ್ಟಿ ಜಾಸ್ತಿ ಇರಲಿ. ನಿಮಗೆ ಅನ್ನ ಅರ್ಧ, ಬೇಳೆ-ಪಲ್ಯ ಎರಡರಷ್ಟು. ಭಜಿ ವಾರಕ್ಕೊಮ್ಮೆ. ಸಂಜೆ ಅರ್ಧ ತಾಸು ಬಿರುಸಾಗಿ ನಡೆಯಿರಿ. ಇಬ್ಬರ ಪಾಲಿನ ಪಲ್ಯವನ್ನು ಬಡಿಸುವ ಮೊದಲೇ ತೆಗೆದಿಡಿ. ಇದು ಔಷಧಿಯಷ್ಟೇ ಮುಖ್ಯ.

ಪ್ರಶ್ನೆ: ಐದು ತಿಂಗಳ ಬಸುರಿ, 68 ಕೆ.ಜಿ. ಇದ್ದೇನೆ. ‘ನೀನು ದಪ್ಪ ಇದ್ದಿ, ಅಂಗನವಾಡಿ ಊಟ ನಿನಗ್ಯಾಕೆ’ ಅನ್ನುತ್ತಾರೆ. ಬಿಡಲೇ? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಬಿಡಬೇಡಿ. ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಊಟ ಎಲ್ಲ ಬಸುರಿಯರಿಗೂ ಇದೆ, ತೂಕ ನೋಡಿ ಕೊಡುವುದಲ್ಲ. ತತ್ತಿ, ಹಾಲು, ಶೇಂಗಾ ಚಿಕ್ಕಿ ನಿಮ್ಮ ಕೂಸಿಗೂ ಬೇಕು. ಬಸಿರಿನಲ್ಲಿ ತೂಕ ಇಳಿಸಲು ಹೋಗಬಾರದು. ಕಬ್ಬಿಣಾಂಶದ ಮಾತ್ರೆ ದಿನಾ ತೆಗೆದುಕೊಳ್ಳಿ, ಬಿಪಿ ಮತ್ತು ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಯಾರಾದರೂ ಮತ್ತೆ ಹಾಗೆ ಅಂದರೆ ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ.