ಪ್ರಿಯಾಂಕಾ ಚೋಪ್ರಾ ಟೀಶರ್ಟ್ ಮುಖಪುಟವನ್ನು ಜನ ಅಷ್ಟೊಂದು ಅಣಕಿಸಿದ್ದೇಕೆ?

2016ರ ಅಕ್ಟೋಬರಿನಲ್ಲಿ ಕಾಂಡೆ ನಾಸ್ಟ್ ಟ್ರಾವೆಲರ್ ಪತ್ರಿಕೆಯ ಭಾರತೀಯ ಆವೃತ್ತಿಯ ಮುಖಪುಟದಲ್ಲಿ ಬಂದ ಚಿತ್ರ ಅದು. ಬಿಳಿ ಬನಿಯನ್ ಥರದ ಟೀಶರ್ಟ್ ಮೇಲೆ ರೆಫ್ಯೂಜಿ (ನಿರಾಶ್ರಿತ), ಇಮಿಗ್ರೆಂಟ್ (ವಲಸಿಗ), ಔಟ್‌ಸೈಡರ್ (ಹೊರಗಿನವ) ಎಂಬ ಮೂರೂ ಪದಗಳನ್ನು ಹೊಡೆದುಹಾಕುವ ಕೆಂಪು ಗೀಟು. ಕೊನೆಯ ಪದ ಟ್ರಾವೆಲರ್ (ಪ್ರವಾಸಿ) ಮಾತ್ರ ಹಾಗೇ ಉಳಿದಿತ್ತು.

ಸಿರಿಯಾದ ಯುದ್ಧದಿಂದ ಲಕ್ಷಾಂತರ ಜನ ಮನೆ ಬಿಟ್ಟು ಓಡುತ್ತಿದ್ದ ಕಾಲ. ಜೀವ ಉಳಿಸಿಕೊಳ್ಳಲು ಓಡುವವರನ್ನು ಪ್ರವಾಸಿ ಅಂದರೆ ಸಿಟ್ಟು ಬರದೇ ಇರುತ್ತದೆಯೇ? ಆ ಸಿಟ್ಟು ಅಣಕವಾಗಿ ಹೊರಬರಲು ವಿನ್ಯಾಸವೇ ದಾರಿ ಮಾಡಿಕೊಟ್ಟಿತು. ನಾಲ್ಕು ಪದ, ಮೂರು ಗೀಟು, ಅಷ್ಟೇ. ಪದ ಬದಲಿಸಿದರೆ ಯಾರು ಬೇಕಾದರೂ ತಮ್ಮದೇ ಟೀಶರ್ಟ್ ಮಾಡಬಹುದು, ಮೂಲ ಚಿತ್ರದ ತರ್ಕವನ್ನು ಅಸಂಬದ್ಧದ ತುದಿಗೆ ಒಯ್ಯಬಹುದು. ಉದ್ದನೆಯ ಲೇಖನಕ್ಕಿಂತ ಇದು ಬೇಗ ನಾಟುತ್ತದೆ.

ಮುಂಬೈ ಕನ್ನಡಿಗರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣ ಭಾರತೀಯರ ವಿರುದ್ಧ ‘ಲುಂಗಿ ಹಟಾವೋ’ (ಲುಂಗಿಯವರನ್ನು ಓಡಿಸಿ) ಕೂಗು ಎದ್ದಾಗ ಉಡುಪಿ ಹೋಟೆಲಿನವರೂ ‘ಹೊರಗಿನವರು’ ಅನ್ನಿಸಿಕೊಂಡರು. ಆ ಹಣೆಪಟ್ಟಿಯನ್ನು ತಾವೇ ಗೀಟು ಹಾಕಿ ಅಳಿಸುವ ಅವಕಾಶ ಅವರಿಗಿರಲಿಲ್ಲ.

ಪರಕೀಯರ ಮೇಲಿನ ದ್ವೇಷವನ್ನು ವಿರೋಧಿಸುವುದೇ ಉದ್ದೇಶ ಎಂದು ಪತ್ರಿಕೆ ಸಮಜಾಯಿಷಿ ಕೊಟ್ಟಿತು. ಪ್ರಿಯಾಂಕಾ ಕ್ಷಮೆ ಕೇಳಿದರು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೂ ಆ ಅಣಕ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ನಟಿಯ ಮೈಕಟ್ಟು, ಬಟ್ಟೆಯ ಬಗ್ಗೆ ಆಡಿದ ಕೊಂಕನ್ನು ಮಾತ್ರ ನಾನು ಇದರಲ್ಲಿ ಸೇರಿಸುವುದಿಲ್ಲ.