ರೋಲರ್ ಪಾರಿವಾಳದ ಮರಿಗಳಿಗೆ 4 ತಿಂಗಳಾದರೂ ಇನ್ನೂ ಪಲ್ಟಿ ಹೊಡೆಯುತ್ತಿಲ್ಲ, ಎಷ್ಟು ದಿನ ಕಾಯಬೇಕು?

4 ತಿಂಗಳಿಗೇ ತೀರ್ಮಾನ ಮಾಡಬೇಡಿ. ರೋಲರ್ ಅಂದರೆ ಹಾರುತ್ತಲೇ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯುವ ಪಾರಿವಾಳ. ಪಲ್ಟಿ ಹೊಡೆಯುವುದು ತಳಿಯಿಂದ ಬರುವ ಗುಣ, ಅದನ್ನು ನಾವು ಕಲಿಸಲು ಆಗುವುದಿಲ್ಲ. ಕೆಲವು ಮರಿ 3 ತಿಂಗಳಿಗೇ ಶುರು ಮಾಡುತ್ತವೆ, ಕೆಲವಕ್ಕೆ ವರ್ಷ ದಾಟಬೇಕು.

ಮೊದಲು ಬಾಲ ಅಗಲಿಸಿ ಗಾಳಿಯಲ್ಲಿ ತಡೆದ ಹಾಗೆ ನಿಲ್ಲುತ್ತವೆ. ಆಮೇಲೆ ಒಂದೊಂದೇ ಪಲ್ಟಿ. ಸಾಲಾಗಿ ಉರುಳುವುದು ನಿಧಾನವಾಗಿ ಬರುತ್ತದೆ. ಬೇಗ ಶುರು ಮಾಡಿದ ಮರಿಯೇ ಉತ್ತಮ ಅಂತಲೂ ಅಲ್ಲ. ರೆಕ್ಕೆ ಬಲಿಯುವ ಮೊದಲೇ ಜಾಸ್ತಿ ಉರುಳಿದರೆ ಹಿಡಿತ ತಪ್ಪಿ ನೆಲಕ್ಕೆ ಬಡಿದು ಸಾಯಬಹುದು. ಹಾಗಾಗಿ ತಡವಾಗುತ್ತಿದೆ ಅಂತ ಬೇಸರ ಬೇಡ, ನನಗಂತೂ ನಿಧಾನದ ಮರಿಗಳ ಮೇಲೇ ನಂಬಿಕೆ ಜಾಸ್ತಿ.

ನಿಮ್ಮ ಕೈಯಲ್ಲಿರುವುದು ಶಿಸ್ತು. ಗುಂಪಾಗಿಯೇ ಹಾರಿಸಿ, ಒಂದೇ ಹೊತ್ತಿಗೆ. ಹಾರುವ ಮುಂಚೆ ಕಾಳು ಬೇಡ, ಇಳಿದ ಮೇಲೆ ಅಳತೆಯಲ್ಲಿ ಕೊಡಿ. ಹೊಟ್ಟೆ ತುಂಬಿದ ಹಕ್ಕಿ ಸುಮ್ನೆ ಮಾಡಿನ ಮೇಲೆ ಕೂರುತ್ತದೆ. ಹಾಗಂತ ಉಪವಾಸ ಕೆಡವಬೇಡಿ, ಸೊರಗಿದ ಮರಿಗೆ ಪಲ್ಟಿಯಿಂದ ಹೊರಬರುವ ಶಕ್ತಿ ಇರುವುದಿಲ್ಲ. ಗರಿ ಉದುರುವ ಕಾಲದಲ್ಲಿ ಆಟ ತಗ್ಗುವುದು ಸಹಜ, ಆಗ ಒತ್ತಾಯ ಮಾಡಬೇಡಿ. ಗಿಡುಗದ ಕಾಟವಿದ್ದರೆ ಕೆಲವು ದಿನ ಗೂಡಿನಲ್ಲೇ ಇಡಿ.