ಸೋಮವಾರಕ್ಕೆ ಏನೂ ಉಳಿಯುವುದಿಲ್ಲ

ಪ್ರಶ್ನೆ: ಸಿಸ್ಟರ್, ಭಾನುವಾರ ಚರ್ಚಿನಲ್ಲಿ ಪ್ರಬೋಧನೆ ಕೇಳುವಾಗ ಮನಸ್ಸು ತುಂಬುತ್ತದೆ. ಸೋಮವಾರಕ್ಕೆ ಏನೂ ನೆನಪಿರುವುದಿಲ್ಲ. ಸಂತರ ಚರಿತ್ರೆ ಓದಿದರೆ ಪ್ರಯೋಜನವಾದೀತೇ?
– ಓದುಗಿ, ಹಾಸನ

ಉತ್ತರ: ಖಂಡಿತ ಆಗುತ್ತದಮ್ಮ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು, ಆಗ ಯೋಧರಾಗಿದ್ದ ಸಂತ ಇಗ್ನೇಷಿಯಸರ ಕಾಲು ಮುರಿಯಿತು. ಹುಟ್ಟೂರು ಲೊಯೋಲಾದ ಮನೆಯಲ್ಲಿ ಮಲಗಿದ್ದಾಗ ಅವರು ಓದಲು ಬೇಕೆಂದು ಕೇಳಿದ್ದು ವೀರರ ಸಾಹಸದ ಕಥೆ. ಸಿಕ್ಕಿದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆ. ಓದುತ್ತಾ ಓದುತ್ತಾ ನಿಲ್ಲಿಸಿ ಯೋಚಿಸುತ್ತಿದ್ದರು. ಸಾಹಸದ ಕನಸು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರ ಯೋಚನೆ ಮುಗಿದರೂ ಸಂತೋಷ ಉಳಿಯುತ್ತಿತ್ತು. ಹಾಗೆ ನಿಲ್ಲಿಸಿದ್ದೇ ಮುಖ್ಯ, ಅಲ್ವಾ? ಸುಮ್ನೆ ಪುಟ ತಿರುವಬೇಡಿ. ನಾನು ರಾತ್ರಿ ಪಾತ್ರೆ ತೊಳೆದ ಮೇಲೆ ಒಂದೇ ಪುಟ ಓದುತ್ತೇನೆ. ಮನಸ್ಸಿಗೆ ತಾಗಿದ ಸಾಲನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ಪ್ರಬೋಧನೆಯ ಒಂದು ಮಾತನ್ನೂ ಮನೆಗೆ ಬಂದ ಕೂಡಲೇ ಹಾಗೇ ಬರೆದಿಡಿ. ಬುಧವಾರ ತೆಗೆದು ಓದಿ.